30ಕ್ಕೆ 14: ಮಲ್ಪೆಯ ಮೀನು ಮಾರುವ ತಾಯಿಯೊಬ್ಬರ ಮನೋವೈಜ್ಞಾನಿಕ ಮೌಲ್ಯಮಾಪನ

ಎಪ್ಪತ್ತು ದಾಟಿದ ತಾಯಿಯನ್ನು ಹಿರಿಯ ಮಗ ಉಡುಪಿಯ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದದ್ದು ಜುಲೈ ಕೊನೆಯ ವಾರದಲ್ಲಿ. ಬೇರೊಂದು ಕಡೆ ಬರೆದುಕೊಟ್ಟ ಚೀಟಿ ಅವರ ಬಳಿ ಇತ್ತು. ಅದರಲ್ಲಿದ್ದದ್ದು ಇಷ್ಟೇ: ‘ಮಾನಸಿಕ ಸ್ಥಿತಿ ಪರೀಕ್ಷೆ 30ಕ್ಕೆ 14. ಡಿಮೆನ್ಷಿಯಾ.’ ಡಿಮೆನ್ಷಿಯಾ ಎಂದರೆ ನೆನಪು, ಯೋಚನಾಶಕ್ತಿ ಕುಗ್ಗುತ್ತಾ ಹೋಗುವ ಕಾಯಿಲೆ. ಮಗನಿಗೆ ತುರ್ತಾಗಿ ಬೇಕಿದ್ದದ್ದು ಪ್ರಮಾಣಪತ್ರ. ತಾಯಿಯ ಹೆಸರಿನಲ್ಲಿ ಹೆದ್ದಾರಿಯ ಹತ್ತಿರ ಐದು ಸೆಂಟ್ಸ್ ಜಾಗವಿದೆ. ತಾಯಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಬರೆದುಕೊಟ್ಟರೆ ಮುಂದಿನ ಕಾಗದಪತ್ರದ ಕೆಲಸವನ್ನು ವಕೀಲರ ಮೂಲಕ ಮಾಡಿಸಿಕೊಳ್ಳಬಹುದು ಎಂದು ಯಾರೋ ಅವರಿಗೆ ಹೇಳಿದ್ದರು.

ಈ ಬರಹಕ್ಕೆ ಆ ತಾಯಿಯ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪರೀಕ್ಷೆಯ ಅಂಕ ಒಬ್ಬ ವ್ಯಕ್ತಿಯ ಬದುಕಿನೊಳಗೆ ಹೇಗೆ ನುಗ್ಗುತ್ತದೆ ಎಂಬುದನ್ನು ಈ ಪ್ರಕರಣ ಬಹಳ ಚೆನ್ನಾಗಿ ತೋರಿಸುತ್ತದೆ. ಆದ್ದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ.

ಹಿನ್ನೆಲೆ

ಮನೆಮಾತು ತುಳು. ಶಾಲೆಯ ಮೆಟ್ಟಿಲು ಹತ್ತಿಲ್ಲ. ಮದುವೆಯಾದ ಮೇಲೆ ಮಲ್ಪೆ ಬಂದರಿನಿಂದ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು, ಆಮೇಲೆ ಮಾರುಕಟ್ಟೆಯಲ್ಲಿ ಜಾಗ ಹಿಡಿದು ಕುಳಿತವರು. ಗಂಡ ಬೋಟಿನಲ್ಲಿ ದುಡಿಯುತ್ತಿದ್ದರು, ಹಿಂದಿನ ವರ್ಷ ತೀರಿಕೊಂಡರು. ಅದಾದ ಮೇಲೆ ‘ಈ ವಯಸ್ಸಿನಲ್ಲಿ ಇನ್ನು ಯಾಕೆ’ ಎಂದು ಮಕ್ಕಳು ಮೀನಿನ ಕೆಲಸ ಬಿಡಿಸಿದರು. ಈಗ ಕಿರಿಯ ಮಗ ಮತ್ತು ಸೊಸೆಯ ಜೊತೆ ಇದ್ದಾರೆ. ಹಿರಿಯ ಮಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದು ತಿಂಗಳಿಗೊಮ್ಮೆ ಬಂದು ಹೋಗುತ್ತಾರೆ.

ಮನೆಯವರು ಹೇಳಿದ ತೊಂದರೆಗಳು: ಒಲೆಯ ಮೇಲೆ ಇಟ್ಟದ್ದನ್ನು ಮರೆಯುತ್ತಾರೆ. ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಮಾತನಾಡಿಸಿದರೆ ಉತ್ತರವಿಲ್ಲ. ರಾತ್ರಿ ನಿದ್ದೆ ಇಲ್ಲ, ಹಗಲು ಮಂಕಾಗಿ ಕೂರುತ್ತಾರೆ. ‘ಅರಳುಮರಳು ಶುರುವಾಯಿತು’ ಎಂದು ನೆರೆಹೊರೆಯವರೂ ತೀರ್ಮಾನಿಸಿದ್ದರು.

ಹಿರಿಯ ಮಗನನ್ನು ಆಸ್ತಿಗಾಗಿ ಹೊಂಚು ಹಾಕಿದವರೆಂದು ಓದುಗರು ಭಾವಿಸಬಾರದು. ತಂದೆಯ ಆಸ್ಪತ್ರೆಯ ಖರ್ಚನ್ನು ಹೊತ್ತವರು ಅವರೇ. ತಾಯಿಗೆ ಏನೂ ತಿಳಿಯದಂತಾದರೆ ಯಾರಾದರೂ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದಾರು ಎಂಬ ಭಯ ಅವರಿಗೆ ನಿಜವಾಗಿಯೂ ಇತ್ತು. ಸಾಲವೂ ಇತ್ತು.

ಕೇಳಬೇಕಾದ ಪ್ರಶ್ನೆ ಯಾವುದು?

ಪರೀಕ್ಷೆ ಎಂದರೆ ಒಂದು ಸಾಧನ. ಮೌಲ್ಯಮಾಪನ ಎಂದರೆ ಒಂದು ಪ್ರಶ್ನೆಯನ್ನು ಇಟ್ಟುಕೊಂಡು ಸಂದರ್ಶನ, ಗಮನಿಸುವಿಕೆ, ಮನೆಯವರ ಹೇಳಿಕೆ, ಹಳೆಯ ದಾಖಲೆ, ವೈದ್ಯಕೀಯ ವರದಿ ಮತ್ತು ಪರೀಕ್ಷೆಗಳನ್ನು ಒಟ್ಟಿಗೆ ಓದುವ ಕೆಲಸ. ಈ ಕುಟುಂಬ ತಂದದ್ದು ಒಂದು ಪ್ರಶ್ನೆ ಅಂದುಕೊಂಡಿತ್ತು. ಬಿಡಿಸಿ ನೋಡಿದರೆ ಮೂರು ಇದ್ದವು. ಇವರಿಗೆ ಡಿಮೆನ್ಷಿಯಾ ಇದೆಯೇ? ಇಲ್ಲವಾದರೆ ಒಂದು ವರ್ಷದಿಂದ ಇವರು ಹೀಗೇಕೆ ಬದಲಾದರು? ಜಾಗದ ವಿಷಯದಲ್ಲಿ ತೀರ್ಮಾನ ಮಾಡಲು ಇವರು ಸಮರ್ಥರೇ? ಮೂರಕ್ಕೂ ಬೇರೆ ಬೇರೆ ಸಾಧನ ಬೇಕು. ಮೊದಲನೆಯದಕ್ಕೆ ‘ಹೌದು’ ಎಂಬ ಉತ್ತರ ಬಂದರೂ ಮೂರನೆಯದಕ್ಕೆ ‘ಅಸಮರ್ಥರು’ ಎಂಬ ಉತ್ತರ ತಾನಾಗಿ ಬರುವುದಿಲ್ಲ. ಚೀಟಿ ಈ ಮೂರನ್ನೂ ಒಂದೇ ಅಂಕದಲ್ಲಿ ಮುಗಿಸಿತ್ತು.

ಆ 14 ಎಲ್ಲಿಂದ ಬಂತು?

ಹಿಂದಿನ ಉತ್ತರಪತ್ರಿಕೆಯನ್ನು ತರಿಸಿಕೊಂಡೆವು. ಬಳಸಿದ್ದು ಮಾರ್ಷಲ್ ಫೋಲ್‌ಸ್ಟೀನ್, ಸೂಸನ್ ಫೋಲ್‌ಸ್ಟೀನ್ ಮತ್ತು ಪಾಲ್ ಮೆಕ್‌ಹ್ಯೂ 1975ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ 30 ಅಂಕದ ಕಿರು ಪರೀಕ್ಷೆ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಹತ್ತು ನಿಮಿಷದೊಳಗೆ ಮುಗಿಸಬಹುದಾದ್ದು, ಜಗತ್ತಿನಾದ್ಯಂತ ಬಳಕೆಯಲ್ಲಿರುವಂಥದ್ದು. 24ಕ್ಕಿಂತ ಕಡಿಮೆ ಬಂದರೆ ಹೆಚ್ಚಿನ ತಪಾಸಣೆ ಬೇಕು ಎನ್ನುವುದು ರೂಢಿ. ತಪಾಸಣೆ ಬೇಕು ಎಂದಷ್ಟೇ ಅದರ ಅರ್ಥ, ಕಾಯಿಲೆಯ ಹೆಸರನ್ನು ಅದು ಹೇಳುವುದಿಲ್ಲ.

ಈ ತಾಯಿ ಕಳೆದುಕೊಂಡ 16 ಅಂಕಗಳನ್ನು ಒಂದೊಂದಾಗಿ ನೋಡಿದೆವು. ನೂರರಿಂದ ಏಳೇಳು ಕಳೆಯುತ್ತಾ ಹೋಗುವ ಲೆಕ್ಕಕ್ಕೆ 5. ಓದಿ ಅದರಂತೆ ಮಾಡುವುದಕ್ಕೆ 1, ವಾಕ್ಯ ಬರೆಯುವುದಕ್ಕೆ 1, ಚಿತ್ರ ನಕಲು ಮಾಡುವುದಕ್ಕೆ 1. ಅಂದರೆ 8 ಅಂಕ ಹೋದದ್ದು ಪೆನ್ಸಿಲ್ ಹಿಡಿಯದ ಕೈಗೆ ಪೆನ್ಸಿಲ್ ಕೊಟ್ಟದ್ದರಿಂದ, ಶಾಲೆಯ ಲೆಕ್ಕವನ್ನು ಶಾಲೆ ನೋಡದವರಿಗೆ ಕೇಳಿದ್ದರಿಂದ. 1993ರಲ್ಲಿ ಅಮೆರಿಕದ 18,056 ವಯಸ್ಕರ ಅಂಕಗಳನ್ನು ಪ್ರಕಟಿಸಿದ ಅಧ್ಯಯನದಲ್ಲಿ ಕನಿಷ್ಠ ಒಂಬತ್ತು ವರ್ಷ ಓದಿದವರ ಮಧ್ಯದ ಅಂಕ 29 ಇದ್ದರೆ, ನಾಲ್ಕು ವರ್ಷದೊಳಗೆ ಓದಿದವರದ್ದು 22 ಇತ್ತು. ಓದಿನ ಪ್ರಭಾವ ಅಷ್ಟು ದೊಡ್ಡದು.

ಇನ್ನು 4 ಅಂಕ ಹೋದದ್ದು ಕಾಲದ ಪ್ರಶ್ನೆಗಳಲ್ಲಿ. ಇದು ಯಾವ ತಿಂಗಳು ಎಂದು ಕೇಳಿದಾಗ ಆಕೆ ‘ಆಟಿ’ ಎಂದಿದ್ದರು. ಪಕ್ಕದಲ್ಲಿ ತಪ್ಪಿನ ಗುರುತು ಬಿದ್ದಿತ್ತು. ಪರೀಕ್ಷಕರಿಗೆ ಜುಲೈ ಬೇಕಿತ್ತು. ಕರಾವಳಿಯಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಗೊತ್ತು, ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ನಡೆಯುವುದು ಆಟಿ ತಿಂಗಳೇ. ನಾನು ಅದೇ ವಿಷಯವನ್ನು ಬೇರೆ ರೀತಿಯಲ್ಲಿ ಕೇಳಿದೆ. ಬೋಟುಗಳು ಇನ್ನೂ ಕಡಲಿಗೆ ಇಳಿದಿಲ್ಲ, ಮುಂದಿನ ವಾರ ಇಳಿಯುತ್ತವೆ ಎಂದರು. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ ಇರುವ 61 ದಿನಗಳ ನಿಷೇಧ ಮುಗಿಯುತ್ತಾ ಬಂದಿತ್ತು. ಪಾಲೆ ಮರದ ಕಷಾಯ ಕುಡಿಯುವ ಅಮಾವಾಸ್ಯೆಗೆ ಎಷ್ಟು ದಿನ ಇದೆ ಎಂದೂ ಸರಿಯಾಗಿ ಹೇಳಿದರು. ಕಾಲದ ಅರಿವು ಇದೆಯೇ ಎಂದು ತಿಳಿಯುವುದೇ ಆ ಪ್ರಶ್ನೆಯ ಉದ್ದೇಶವಾದರೆ, ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಬೇಕಿರಲಿಲ್ಲ.

ಉಳಿದ 4 ಅಂಕಗಳಲ್ಲಿ ಒಂದು ಸ್ಥಳದ ಪ್ರಶ್ನೆಯದ್ದು. ಮೂರು ಅಂಕ ಹೋದದ್ದು, ಸ್ವಲ್ಪ ಹೊತ್ತಿನ ಹಿಂದೆ ಹೇಳಿದ ಮೂರು ಪದಗಳನ್ನು ನೆನಪಿಸಿಕೊಳ್ಳುವ ಭಾಗದಲ್ಲಿ. ಮೂರರಲ್ಲಿ ಒಂದೂ ಬಂದಿರಲಿಲ್ಲ. ಇದನ್ನು ಮಾತ್ರ ಓದು ಇಲ್ಲ ಎಂಬ ಕಾರಣ ಕೊಟ್ಟು ಬದಿಗಿಡುವಂತಿರಲಿಲ್ಲ.

ಕಿವಿಯಿಂದ ಆರಂಭ

ಯಾವ ಪರೀಕ್ಷೆಯನ್ನೂ ತೆರೆಯುವ ಮೊದಲು ಗಮನಕ್ಕೆ ಬಂದದ್ದು ಅವರ ಕಣ್ಣು. ನಾನು ಮಾತನಾಡುವಾಗ ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ನಾನು ಕಡತ ನೋಡುತ್ತಾ ತಲೆ ತಗ್ಗಿಸಿ ಏನಾದರೂ ಕೇಳಿದರೆ ಸುಮ್ಮನೆ ತಲೆಯಾಡಿಸುತ್ತಿದ್ದರು. ಫ್ಯಾನ್ ನಿಲ್ಲಿಸಿ, ಎದುರಿಗೆ ಕುಳಿತು, ನಿಧಾನವಾಗಿ ತುಳುವಿನಲ್ಲಿ ಕೇಳಿದರೆ ಉತ್ತರ ಬರುತ್ತಿತ್ತು. ಶ್ರವಣ ತಪಾಸಣೆಗೆ ಕಳುಹಿಸಿದೆವು. ಎರಡೂ ಕಿವಿಗಳಲ್ಲಿ ಮಧ್ಯಮ ಪ್ರಮಾಣದ ದೋಷ, ಅದರಲ್ಲೂ ತೀಕ್ಷ್ಣ ಸ್ವರಗಳು ಹೆಚ್ಚು ನಷ್ಟವಾಗಿದ್ದವು.

ಸೊಸೆಯನ್ನು ಮತ್ತೆ ಕರೆದು ಒಲೆಯ ವಿಷಯ ಕೇಳಿದೆ. ಮರೆತದ್ದು ಯಾವಾಗ, ಏನನ್ನು ಬೇಯಿಸುವಾಗ? ಪ್ರತಿ ಬಾರಿಯೂ ಅದು ಕುಕ್ಕರ್. ಅನ್ನ ಬಸಿಯುವ ಪಾತ್ರೆಯಾಗಲಿ, ಮೀನಿನ ಸಾರಿನ ಮಣ್ಣಿನ ಪಾತ್ರೆಯಾಗಲಿ ಒಮ್ಮೆಯೂ ಸೀದಿರಲಿಲ್ಲ. ಕುಕ್ಕರಿನ ಸೀಟಿ ಈ ತಾಯಿಗೆ ಕೇಳಿಸುತ್ತಲೇ ಇರಲಿಲ್ಲ. ಕೇಳಿದ್ದನ್ನೇ ಮತ್ತೆ ಕೇಳುವುದೂ ಹಾಗೆಯೇ: ಮೊದಲ ಉತ್ತರ ಕಿವಿಗೆ ಬಿದ್ದಿರಲಿಲ್ಲ.

ಹೀಗೆಂದು ಎಲ್ಲವನ್ನೂ ಕಿವಿಯ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಅಪಾಯ. ಶ್ರವಣದೋಷ ಡಿಮೆನ್ಷಿಯಾಕ್ಕೆ ದಾರಿ ಮಾಡಿಕೊಡಬಲ್ಲ ಅಂಶಗಳಲ್ಲಿ ಒಂದು ಎಂದು ಈಗ ಒಪ್ಪಿಕೊಳ್ಳಲಾಗಿದೆ. ಎರಡೂ ಒಟ್ಟಿಗೆ ಇರಬಹುದು. ಆದ್ದರಿಂದ ಮುಂದಿನ ಎಲ್ಲ ಪರೀಕ್ಷೆಗಳನ್ನು ಧ್ವನಿವರ್ಧಕ ಸಾಧನವನ್ನು ಕಿವಿಗೆ ಹಾಕಿಸಿಯೇ ಮಾಡಿದೆವು, ಅದೂ ಬೆಳಗಿನ ಹೊತ್ತು, ದಣಿವಾದಾಗ ನಿಲ್ಲಿಸಿ.

ಬಳಸಿದ ಸಾಧನಗಳು

ಓದುಬರಹ ಇಲ್ಲದ ಹಿರಿಯರಿಗಾಗಿಯೇ ರೂಪಿಸಿದ ಪರೀಕ್ಷೆ ನಮ್ಮ ದೇಶದಲ್ಲಿದೆ. ಹರಿಯಾಣದ ಬಲ್ಲಭ್‌ಗಢದ ಹಳ್ಳಿಗಳಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಸಿದ್ಧಪಡಿಸಿ 1995ರಲ್ಲಿ ಪ್ರಕಟಿಸಿದ ಹಿಂದಿ ಮಾನಸಿಕ ಸ್ಥಿತಿ ಪರೀಕ್ಷೆ ಅದು. ನೂರರಿಂದ ಏಳು ಕಳೆಯುವ ಬದಲು ಇಪ್ಪತ್ತರಿಂದ ಮೂರು ಕಳೆಯುವುದು, ಬರೆದದ್ದನ್ನು ಓದಿ ಕಣ್ಣು ಮುಚ್ಚುವ ಬದಲು ಪರೀಕ್ಷಕರನ್ನು ನೋಡಿ ಹಾಗೆಯೇ ಮಾಡುವುದು, ಹೀಗೆ ಪ್ರಶ್ನೆಗಳನ್ನು ಬದುಕಿಗೆ ಹೊಂದಿಸಲಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷಾ ಸಂಪುಟ ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಜೊತೆ ಕನ್ನಡದಲ್ಲಿಯೂ ಲಭ್ಯವಿದೆ. ಆದರೆ ಈ ತಾಯಿಗೆ ಮಾರುಕಟ್ಟೆಯ ಕನ್ನಡ ಬರುತ್ತದೆಯೇ ಹೊರತು ಕಥೆ ಕೇಳಿ ನೆನಪಿಟ್ಟುಕೊಳ್ಳುವಷ್ಟು ಕನ್ನಡ ಬರುವುದಿಲ್ಲ. ತುಳುವಿನಲ್ಲಿಯೇ ಕೇಳಬೇಕಾಯಿತು. ಹಾಗೆ ಕೇಳಿದ ಮೇಲೆ ಕನ್ನಡದವರ ಮಾನಕಗಳನ್ನು ಇವರ ಅಂಕಕ್ಕೆ ಹಾಗೆಯೇ ಹಚ್ಚಲಾಗದು. ಮಾನಕ ಎಂದರೆ ಇಂಥ ವಯಸ್ಸಿನ, ಇಷ್ಟು ಓದಿದ, ಈ ಭಾಷೆಯ ಜನ ಸಾಮಾನ್ಯವಾಗಿ ಎಷ್ಟು ಅಂಕ ಪಡೆಯುತ್ತಾರೆ ಎಂಬ ಲೆಕ್ಕ. ಅದಿಲ್ಲದೆ ಅಂಕಕ್ಕೆ ಅರ್ಥವಿಲ್ಲ. ಆದ್ದರಿಂದ ಎಷ್ಟು ಅಂಕ ಎಂಬುದಕ್ಕಿಂತ ಉತ್ತರ ಹೇಗೆ ಬಂತು, ಎಲ್ಲಿ ತಡವರಿಸಿತು ಎಂಬುದಕ್ಕೆ ಒತ್ತು ಕೊಟ್ಟೆವು. ವರದಿಯಲ್ಲಿ ಈ ಮಿತಿಯನ್ನು ಮೊದಲ ಪುಟದಲ್ಲಿಯೇ ಬರೆದೆವು.

ಒಂದು ನಿಮಿಷದಲ್ಲಿ ಪ್ರಾಣಿಗಳ ಹೆಸರು ಹೇಳಿ ಎಂದಾಗ ಏಳು ಬಂದವು. ಇದು ಕಡಿಮೆ. ಮೀನಿನ ಹೆಸರು ಹೇಳಿ ಎಂದಾಗ ಬೂತಾಯಿ, ಬಂಗುಡೆ, ಅಂಜಲ್, ಮಾಂಜಿ, ಕಾಣೆ, ನಂಗ್, ಕೊಡ್ಡಾಯಿ, ತೊರಕೆ ಎಂದು ಶುರುವಾದದ್ದು ಹತ್ತೊಂಬತ್ತಕ್ಕೆ ನಿಂತಿತು, ಒಂದೂ ಮರುಕಳಿಸಲಿಲ್ಲ. ನೂರಕ್ಕೆ ಆರು ಬಂಗುಡೆ, ಗಿರಾಕಿ ಒಂಬತ್ತು ತೆಗೆದುಕೊಂಡು ಐನೂರರ ನೋಟು ಕೊಟ್ಟರೆ ಎಷ್ಟು ಹಿಂದೆ ಕೊಡಬೇಕು ಎಂದು ಕೇಳಿದೆ. ‘ಮುನ್ನೂರ ಐವತ್ತು’ ಎಂದರು, ನಾನು ಪ್ರಶ್ನೆ ಮುಗಿಸುವಷ್ಟರಲ್ಲಿ. ಆಮೇಲೆ, ಬಂಗುಡೆ ಯಾವ ಗಾತ್ರದ್ದು, ನೂರಕ್ಕೆ ಆರು ಎಂದರೆ ಗಿರಾಕಿ ಸುಮ್ಮನೆ ಕೊಡುತ್ತಾನೆಯೇ ಎಂದು ನನ್ನನ್ನೇ ಕೇಳಿದರು.

ಇದನ್ನು ಓದಿ, ಹಾಗಾದರೆ ಇವರಿಗೆ ಏನೂ ಆಗಿಲ್ಲ ಎಂದು ನಿರ್ಧರಿಸುವುದೂ ಆತುರವೇ. ಹತ್ತಾರು ವರ್ಷ ಮಾಡಿದ ಕೆಲಸದ ಲೆಕ್ಕ ಡಿಮೆನ್ಷಿಯಾದ ಆರಂಭದಲ್ಲಿ ಕೆಡದೇ ಉಳಿದಿರಬಹುದು. ಮೊದಲು ಕೆಡುವುದು ಹೊಸದನ್ನು ಕಲಿತು ಹಿಡಿದಿಟ್ಟುಕೊಳ್ಳುವ ಶಕ್ತಿ. ಆದ್ದರಿಂದ ಈ ಪ್ರಕರಣದ ತಿರುಳು ಇದ್ದದ್ದು ಪದಪಟ್ಟಿಯ ಪರೀಕ್ಷೆಯಲ್ಲಿ.

ಹತ್ತು ಪದಗಳನ್ನು ಹೇಳಿ, ನೆನಪಿದ್ದಷ್ಟನ್ನು ಮರಳಿ ಹೇಳಿಸಿ, ಮತ್ತೆ ಅದೇ ಪಟ್ಟಿಯನ್ನು ಕೇಳಿಸುವುದು ಇದರ ಕ್ರಮ. ಮೊದಲ ಸುತ್ತಿನಲ್ಲಿ ಎರಡು ಪದ ಬಂದವು, ಕೊನೆಯ ಸುತ್ತಿನಲ್ಲಿ ಏಳು. ನಿಧಾನವಾದರೂ ಕಲಿಕೆ ನಡೆಯುತ್ತಿತ್ತು. ಅರ್ಧ ಗಂಟೆ ಬಿಟ್ಟು ಕೇಳಿದಾಗ ‘ಎಂಕ್ ಗೊತ್ತುಜ್ಜಿ’ ಎಂದು ಕೈಚೆಲ್ಲಿದರು. ಸ್ವಲ್ಪ ಹುರಿದುಂಬಿಸಿದ ಮೇಲೆ ಬಂದದ್ದು ಮೂರು. ಈಗ ಸುಳಿವು ಕೊಟ್ಟೆ: ಅಡುಗೆಮನೆಯ ವಸ್ತು ಒಂದಿತ್ತಲ್ಲ? ಹಣ್ಣು ಒಂದಿತ್ತಲ್ಲ? ಸುಳಿವಿನಿಂದ ಎಂಟು ಪದಗಳಾದವು. ಹೇಳದೇ ಇದ್ದ ಪದಗಳನ್ನು ಬೆರೆಸಿ ಕೇಳಿದಾಗ ಅವುಗಳಿಗೆ ಮರುಳಾಗಲಿಲ್ಲ. ಡಿಮೆನ್ಷಿಯಾದ ಬಗೆಗಳಲ್ಲಿ ಒಂದಾದ ಆಲ್‌ಝೈಮರ್ ಮಾದರಿಯ ಮರೆವಿನಲ್ಲಿ ಸಾಮಾನ್ಯವಾಗಿ ಸುಳಿವು ಕೊಟ್ಟರೂ ಪದ ಸಿಗುವುದಿಲ್ಲ, ಏಕೆಂದರೆ ಅದು ಒಳಗೆ ಉಳಿದಿರುವುದಿಲ್ಲ. ಇವರಲ್ಲಿ ಪದ ಒಳಗೆ ಇತ್ತು, ಹೊರತೆಗೆಯುವ ಉತ್ಸಾಹ ಸೋತಿತ್ತು. ಖಿನ್ನತೆಯಲ್ಲಿ ಹೆಚ್ಚಾಗಿ ಕಾಣುವುದು ಈ ಚಿತ್ರವೇ.

ಹಿರಿಯರ ಖಿನ್ನತೆ ಅಳೆಯಲು ಜೆರೋಮ್ ಯೆಸವೇಜ್ ಮತ್ತು ಸಂಗಡಿಗರು 1980ರ ದಶಕದಲ್ಲಿ ರೂಪಿಸಿದ ಮಾಪನದ 15 ಪ್ರಶ್ನೆಗಳ ರೂಪವನ್ನು ಬಳಸಿದೆವು. ಹೌದು, ಅಲ್ಲ ಎಂದರೆ ಸಾಕು. ಮೈಕೈ ನೋವು, ಹಸಿವು ಮೊದಲಾದವು ವಯಸ್ಸಿನಿಂದಲೂ ಬರುವುದರಿಂದ ಅವುಗಳನ್ನು ಅದರಲ್ಲಿ ಕೇಳುವುದಿಲ್ಲ. ಅಂಕ 11 ಬಂತು, ಗಂಭೀರವಾಗಿ ತೆಗೆದುಕೊಳ್ಳಬೇಕಾದಷ್ಟು. ತುಳುವಿನಲ್ಲಿ ಬಾಯಿಮಾತಿನಲ್ಲಿ ಕೇಳಿದ್ದರಿಂದ ಅಂಕಕ್ಕಿಂತ ಅದರಿಂದ ಹೊರಟ ಮಾತು ಮುಖ್ಯವಾಯಿತು. ಗಂಡ ಹೋದ ಮೇಲೆ ಮನೆಯಲ್ಲಿ ತನ್ನೊಂದಿಗೆ ಮಾತನಾಡುವವರಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎಚ್ಚರವಾಗುತ್ತದೆ, ಎದ್ದು ಹೋಗಲು ಬಂದರು ಇಲ್ಲ. ತನ್ನ ಕೈಯಲ್ಲಿ ದುಡ್ಡು ಆಡುತ್ತಿಲ್ಲ, ಔಷಧಿಗೂ ಮಗನನ್ನು ಕೇಳಬೇಕು. ಸಾಯಬೇಕು ಎನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ದೇವರು ಕರೆದರೆ ಹೋಗುವೆ, ನಾನಾಗಿ ಏನೂ ಮಾಡಿಕೊಳ್ಳುವುದಿಲ್ಲ ಎಂದರು. ಈ ಪ್ರಶ್ನೆಯನ್ನು ಹಿರಿಯರಿಗೆ ಕೇಳಲು ಅನೇಕರು ಹಿಂಜರಿಯುತ್ತಾರೆ. ಕೇಳಲೇಬೇಕು.

ದಿನನಿತ್ಯದ ಸಾಮರ್ಥ್ಯ ತಿಳಿಯಲು ಇದೇ ಬಲ್ಲಭ್‌ಗಢದ ಅಧ್ಯಯನದಿಂದ ಬಂದ ಮಾಪನವಿದೆ. ಊಟ ಮಾಡಿದ್ದನ್ನು ಮರೆಯುತ್ತಾರೆಯೇ, ಊರೊಳಗೆ ದಾರಿ ತಪ್ಪುತ್ತಾರೆಯೇ, ಮನೆಯ ದೊಡ್ಡ ವಿಷಯಗಳಲ್ಲಿ ಅಭಿಪ್ರಾಯ ಹೇಳುತ್ತಾರೆಯೇ ಎಂದು ಮನೆಯವರನ್ನು ಕೇಳುವಂಥದ್ದು. ಹಿರಿಯ ಮಗನ ಉತ್ತರಗಳಿಂದ ಒಂದು ಚಿತ್ರ ಬಂತು, ಸೊಸೆಯ ಉತ್ತರಗಳಿಂದ ತೀರಾ ಬೇರೆಯದು ಬಂತು. ದಿನವೂ ಜೊತೆಗಿರುವ ಸೊಸೆಯ ಮಾತಿಗೆ ಹೆಚ್ಚು ತೂಕ ಕೊಟ್ಟೆ. ಅಭಿಪ್ರಾಯ ಹೇಳುತ್ತಾರೆಯೇ ಎಂಬ ಪ್ರಶ್ನೆಗೆ ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾವು ಕೇಳುವುದನ್ನೇ ಬಿಟ್ಟಿದ್ದೇವೆ ಮೇಡಂ’ ಎಂದರು.

ರಕ್ತಪರೀಕ್ಷೆಯಲ್ಲಿ ಬಿ12 ಕಡಿಮೆ ಇತ್ತು, ಥೈರಾಯಿಡ್ ಸರಿಯಿತ್ತು. ಮಿದುಳಿನ ಸ್ಕ್ಯಾನ್‌ನಲ್ಲಿ ವಯೋಸಹಜ ಬದಲಾವಣೆಗಳಷ್ಟೇ ಇವೆ ಎಂದು ನರರೋಗ ತಜ್ಞರು ಬರೆದರು.

ಜಾಗದ ಪ್ರಶ್ನೆ

1872ರ ಭಾರತೀಯ ಕರಾರು ಕಾಯ್ದೆಯ 12ನೆಯ ಕಲಂ ಪ್ರಕಾರ, ಕರಾರು ಮಾಡುವ ಹೊತ್ತಿನಲ್ಲಿ ಅದನ್ನು ಅರ್ಥಮಾಡಿಕೊಂಡು, ಅದರಿಂದ ತನ್ನ ಹಿತದ ಮೇಲೆ ಏನಾಗುತ್ತದೆ ಎಂದು ವಿವೇಕದಿಂದ ತೀರ್ಮಾನಿಸಬಲ್ಲವರು ಸ್ವಸ್ಥಚಿತ್ತರು. ಅಲ್ಲಿ ಅಂಕದ ಮಾತಿಲ್ಲ, ಓದಿನ ಮಾತೂ ಇಲ್ಲ. ಹಾಗಾಗಿ ಪರೀಕ್ಷೆಗಳನ್ನು ಬದಿಗಿಟ್ಟು ಜಾಗದ ಬಗ್ಗೆಯೇ ಮಾತನಾಡಿದೆ. ಮಕ್ಕಳು ಯಾರೂ ಕೋಣೆಯಲ್ಲಿರಲಿಲ್ಲ.

ಜಾಗ ಎಷ್ಟು, ಯಾರ ಹೆಸರಿನಲ್ಲಿದೆ, ಬಾವಿ ಯಾವ ಮೂಲೆಯಲ್ಲಿದೆ ಎಂದು ಹೇಳಿದರು. ಮಾರಿದರೆ ಹಣ ಬರುತ್ತದೆ, ಆದರೆ ಕಿರಿಯವನಿಗೆ ಬಾಡಿಗೆ ಮನೆ ಹುಡುಕಬೇಕಾಗುತ್ತದೆ ಎಂದರು. ಹಿರಿಯವನಿಗೆ ಸಾಲವಿದೆ ಎಂಬುದೂ ಅವರಿಗೆ ಗೊತ್ತಿತ್ತು, ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಮಗಳಿಗೂ ಪಾಲು ಹೋಗಬೇಕು ಎಂಬ ನಿರ್ಧಾರ ಗಟ್ಟಿಯಾಗಿತ್ತು. ಬೇರೊಂದು ದಿನ ಇದೇ ಪ್ರಶ್ನೆಗಳನ್ನು ಹಿಂದುಮುಂದಾಗಿ ಕೇಳಿದಾಗಲೂ ಉತ್ತರ ಬದಲಾಗಲಿಲ್ಲ. ಸಾಮರ್ಥ್ಯದ ಮೌಲ್ಯಮಾಪನದಲ್ಲಿ ಈ ಸ್ಥಿರತೆಗೆ ಬಹಳ ಬೆಲೆ ಇದೆ.

ತೀರ್ಮಾನ ಮತ್ತು ಮುಂದಿನದು

ವರದಿಯಲ್ಲಿ ಬರೆದದ್ದು: ಸದ್ಯದ ಚಿತ್ರ ಡಿಮೆನ್ಷಿಯಾಕ್ಕೆ ಹೊಂದುವುದಿಲ್ಲ. ಚಿಕಿತ್ಸೆ ಪಡೆಯದ ಖಿನ್ನತೆ, ಶ್ರವಣದೋಷ ಮತ್ತು ಬಿ12 ಕೊರತೆ ಸೇರಿ ನೆನಪು ಮತ್ತು ಗಮನ ಕುಗ್ಗಿವೆ. ಇಳಿವಯಸ್ಸಿನ ಖಿನ್ನತೆ ಕೆಲವರಲ್ಲಿ ಡಿಮೆನ್ಷಿಯಾದ ಮುನ್ಸೂಚನೆಯೂ ಆಗಿರುವುದರಿಂದ ಆರು ತಿಂಗಳಿಗೆ ಮರುಪರೀಕ್ಷೆ ಅಗತ್ಯ. ಜಾಗದ ವಿಚಾರದಲ್ಲಿ ಮೌಲ್ಯಮಾಪನದ ದಿನಗಳಂದು ಅವರು ತೀರ್ಮಾನ ತೆಗೆದುಕೊಳ್ಳಲು ಸಮರ್ಥರಿದ್ದರು.

ಫಲಿತಾಂಶವನ್ನು ಮೊದಲು ಹೇಳಿದ್ದು ಅವರಿಗೆ, ತುಳುವಿನಲ್ಲಿ. ಪರೀಕ್ಷೆಗೆ ಕುಳಿತವರಿಗೆ ಅದರ ಅರ್ಥ ತಿಳಿಸುವುದು ಸೌಜನ್ಯವಷ್ಟೇ ಅಲ್ಲ, ಅವರ ಹಕ್ಕು. ನಮ್ಮಲ್ಲಿ ಹಿರಿಯರ ವರದಿ ಅವರ ತಲೆಯ ಮೇಲಿನಿಂದ ಮಕ್ಕಳ ಕೈಗೆ ಹೋಗುವುದನ್ನು ಎಷ್ಟೋ ಬಾರಿ ನೋಡಿದ್ದೇನೆ, ಪ್ರತಿ ಬಾರಿಯೂ ನೋವಾಗುತ್ತದೆ. ಅವರ ಒಪ್ಪಿಗೆ ಪಡೆದು ಮಕ್ಕಳನ್ನು ಕೂರಿಸಿ ಮಾತನಾಡಿದೆವು. ಹಿರಿಯ ಮಗನಿಗೆ ಸಮಾಧಾನವಾಗಲಿಲ್ಲ. 30ಕ್ಕೆ 14 ಎಂದರೆ ಫೇಲ್ ಅಲ್ಲವೇ ಎಂದು ಮತ್ತೆ ಕೇಳಿದರು. ಆ ಉತ್ತರಪತ್ರಿಕೆಯನ್ನೇ ಮುಂದಿಟ್ಟು ಒಂದೊಂದು ಅಂಕ ಎಲ್ಲಿ ಹೋಯಿತೆಂದು ತೋರಿಸಿದೆ. ‘ಆಟಿ’ಯ ಪಕ್ಕದ ತಪ್ಪಿನ ಗುರುತನ್ನು ನೋಡಿದ ಮೇಲೆ ಅವರು ಮುಂದೆ ಕೇಳಲಿಲ್ಲ. ಸಾಲದ ವಿಷಯವನ್ನು ತಾಯಿಯ ಎದುರಿಗೆ ಮೊದಲ ಬಾರಿ ಬಾಯಿಬಿಟ್ಟು ಹೇಳಿದರು.

ಮನೋವೈದ್ಯರು ಖಿನ್ನತೆಗೆ ಔಷಧಿ ಆರಂಭಿಸಿದರು, ಬಿ12 ಚುಚ್ಚುಮದ್ದು ಹಾಕಿಸಲಾಯಿತು, ಶ್ರವಣಸಾಧನ ಬಂತು. ಚಿಕಿತ್ಸೆಯ ಪಟ್ಟಿಯಲ್ಲಿ ನಾನು ಬರೆಸಿದ ಇನ್ನೊಂದು ಅಂಶವೆಂದರೆ ಬೆಳಗಿನ ಎರಡು ಗಂಟೆ ಮಾರುಕಟ್ಟೆಗೆ ಹೋಗುವುದು, ಬುಟ್ಟಿ ಹೊರದೆ, ಪರಿಚಿತ ಮಹಿಳೆಯ ಜೊತೆ ಕುಳಿತು. ಮಕ್ಕಳು ಮೊದಲು ಒಪ್ಪಲಿಲ್ಲ, ತಾಯಿಯೇ ಹಟ ಹಿಡಿದು ಹೋದರು.

ಆರು ತಿಂಗಳ ಬಳಿಕ ಸಮಾನ ಮಟ್ಟದ ಬೇರೊಂದು ಪದಪಟ್ಟಿಯನ್ನು ಬಳಸಿದೆವು. ಹಳೆಯ ಪಟ್ಟಿಯನ್ನೇ ಕೇಳಿದರೆ ಅಭ್ಯಾಸದಿಂದ ಬಂದ ಏರಿಕೆಯನ್ನು ಗುಣ ಎಂದು ತಿಳಿಯುವ ಅಪಾಯವಿದೆ. ತಡವಾದ ನೆನಪು ಮೂರರಿಂದ ಆರಕ್ಕೆ ಏರಿತ್ತು. ಖಿನ್ನತೆಯ ಅಂಕ 11ರಿಂದ 4ಕ್ಕೆ ಇಳಿದಿತ್ತು. ಪ್ರಾಣಿಗಳ ಹೆಸರು ಮಾತ್ರ ಎಂಟರ ಮೇಲೆ ಹೋಗಲಿಲ್ಲ, ಹೊಸ ಕಲಿಕೆ ಈಗಲೂ ನಿಧಾನ. ಇದು ಅವರ ಸಹಜ ಮಟ್ಟವೇ ಅಥವಾ ಯಾವುದಾದರೂ ನಿಧಾನ ಬದಲಾವಣೆಯ ಆರಂಭವೇ ಎಂದು ಒಂದು ಬಾರಿಯ ಅಂಕ ಹೇಳಲಾರದು. ಅವರದ್ದೇ ಹಿಂದಿನ ಅಂಕಗಳು ಈಗ ಅವರಿಗೆ ಮಾನಕ. ಆದ್ದರಿಂದ ವರ್ಷಕ್ಕೊಮ್ಮೆ, ಅದೇ ಭಾಷೆಯಲ್ಲಿ, ಶ್ರವಣಸಾಧನ ಹಾಕಿಸಿ, ಬೆಳಗಿನ ಹೊತ್ತು ಪರೀಕ್ಷೆ ನಡೆಸಬೇಕು ಎಂದು ಕಡತದಲ್ಲಿ ಬರೆದಿಟ್ಟಿದ್ದೇವೆ. ಮೊದಲ ಚೀಟಿ ಕೊಟ್ಟ ಕಡೆಗೂ ಅವರ ಒಪ್ಪಿಗೆ ಪಡೆದು ನಮ್ಮ ವರದಿಯ ಪ್ರತಿ ಕಳುಹಿಸಿದ್ದೇವೆ. ಅಲ್ಲಿನ ದಾಖಲೆಯಲ್ಲಿ ‘ಡಿಮೆನ್ಷಿಯಾ’ ಎಂಬ ಪದ ಹಾಗೆಯೇ ಉಳಿದರೆ, ನಾಳೆ ಬೇರೆ ಕಾಯಿಲೆಗೆ ಹೋದಾಗಲೂ ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.